ಮಾಸ್ತಪ್ಪನ ರೈಟು

ಮಾಸ್ತಪ್ಪ: ಹೇಳಲ್ಲ ಅಂದ್ರೆ ಹೇಳಲ್ಲ, ಮೇಷ್ಟ್ರೆ. ನನ್ ರೈಟು ಇವತ್ತು ಬಾಯಿಂದ ಹೊರಗೆ ಬರಲ್ಲ.

ನಾರಾಯಣಮೂರ್ತಿ: ಬರಲ್ಲ ಅಂದ್ರೆ ಹೇಗೆ ಮಾರಾಯ್ರೆ? ನೀವು ರೈಟ್ ಅನ್ನದೆ ಬಸ್ಸು ಹೊರಡಲ್ಲ. ಬಸ್ಸು ಹೊರಡದೆ ನಾನು ಸಾಗರ ಸೇರಲ್ಲ.

ಮಾಸ್ತಪ್ಪ: ಅದನ್ನ ಹೋಗಿ ಆ ಹೂವಯ್ಯನಿಗೆ ಹೇಳಿ.

ಭೂತಪ್ಪ (ಸ್ಟಿಯರಿಂಗಿನ ಮೇಲೆ ಗಲ್ಲ ಊರಿ): ರೈಟ್ ಬೀಳದೆ ನಾನಂತೂ ಕಾಲು ಒತ್ತಲ್ಲ. ಮಾಲೀಕರ ಆರ್ಡರು.

ಹೊಸನಗರದ ಬಸ್‌ಸ್ಟ್ಯಾಂಡು, ಅರವತ್ತರ ದಶಕದ ಒಂದು ಸೋಮವಾರ, ಬೆಳಗಿನ ಒಂಬತ್ತೂಕಾಲು. ತೀರ್ಥಹಳ್ಳಿಯಿಂದ ಬಂದು ಸಾಗರಕ್ಕೆ ಹೋಗಬೇಕಾದ ‘ಹಂಸವಾಹಿನಿ’ ಬಸ್ಸು ಇಂಜಿನ್ ಚಾಲೂ ಮಾಡಿಕೊಂಡು ಗುರುಗುಟ್ಟುತ್ತ ನಿಂತಿತ್ತು. ಜನ ಹತ್ತಿಯಾಗಿತ್ತು, ಮೂಟೆಗಳು ಮೇಲೆ ಏರಿಯಾಗಿತ್ತು. ಕಂಡಕ್ಟರ್ ಮಾಸ್ತಪ್ಪ ಮಾತ್ರ ಚರ್ಮದ ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನೆಲದ ಮೇಲೆ ನಿಂತಿದ್ದ. ಅವನ ಎದುರು ಕೈಕೈ ಹಿಸುಕಿಕೊಳ್ಳುತ್ತಿದ್ದವನು ಸಾಗರದ ಹೊಸ ಕಾಲೇಜಿನ ಕಾಮರ್ಸ್ ಮೇಷ್ಟ್ರು ನಾರಾಯಣಮೂರ್ತಿ. ಹುದ್ದೆ ಇನ್ನೂ ಟೆಂಪರರಿ. ಅವತ್ತು ಹನ್ನೊಂದು ಗಂಟೆಯ ಕ್ಲಾಸಿನಲ್ಲಿ ಪ್ರಿನ್ಸಿಪಾಲರೇ ಹಿಂದಿನ ಬೆಂಚಿನಲ್ಲಿ ಕೂತು, ಇವನ ಪಾಠ ಕೇಳಿ, ಕೆಲಸ ಕಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂದು ತೀರ್ಮಾನಿಸುವವರಿದ್ದರು. ಕ್ಲಾಸು ತಪ್ಪಿದರೆ ಕೆಲಸ ತಪ್ಪಿದ ಹಾಗೆಯೇ.

ಇಷ್ಟಕ್ಕೂ ಬೆಂಕಿ ಹಚ್ಚಿದವನು ಅವನೇ. ಹತ್ತು ನಿಮಿಷದ ಹಿಂದೆ ಮಾಸ್ತಪ್ಪ ಟಿಕೆಟ್ ಹರಿಯುತ್ತ, “ಎಂತ ಪುಸ್ತಕ ಮೇಷ್ಟ್ರೆ ಅದು, ಇಷ್ಟು ದಪ್ಪ?” ಎಂದು ಕೇಳಿದ್ದ. ಸುಮ್ಮನೆ ‘ಪಾಠದ ಪುಸ್ತಕ’ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹೊಸ ಮೇಷ್ಟ್ರಿಗೆ ಬಾಯಿ ತುರಿಕೆ ಜಾಸ್ತಿ. “ಒಬ್ಬನ ಬುದ್ಧಿಯಿಂದ ಹುಟ್ಟಿದ್ದನ್ನ ಇನ್ನೊಬ್ಬ ಕದಿಯೋ ಹಾಗಿಲ್ಲ ಅನ್ನೋ ಕಾನೂನು. ಕಾಪಿರೈಟು ಅಂತ” ಎಂದುಬಿಟ್ಟ. ಮಾಸ್ತಪ್ಪನ ಕೈಯಲ್ಲಿದ್ದ ಟಿಕೆಟ್ ಅರ್ಧಕ್ಕೇ ನಿಂತಿತು. ಅವನು ಸರಸರನೆ ಬಸ್ಸಿನಿಂದ ಇಳಿದ. ಪುಸ್ತಕವನ್ನು ಸೀಟಿನ ಮೇಲೆ ಬಿಟ್ಟು ನಾರಾಯಣಮೂರ್ತಿ ಅವನ ಹಿಂದೆಯೇ ಇಳಿದ.

ಮಾಸ್ತಪ್ಪ: ನನ್ ರೈಟನ್ನ ಹೂವಯ್ಯ ಕಾಪಿ ಹೊಡೀತಿದಾನೆ. ಅದಕ್ಕೊಂದು ಕಾನೂನೇ ಇದೆ, ಅದ್ರ ಹೆಸ್ರೂ ಕಾಪಿರೈಟೇ ಅಂತ ನೀವೇ ಹೇಳಿದ್ರಿ. ಈಗ ಇಲ್ಲ ಅನ್ಬೇಡಿ.

ನಾರಾಯಣಮೂರ್ತಿ: ಆ ರೈಟ್ ಬೇರೆ, ಈ ರೈಟ್ ಬೇರೆ! ಅದು ಹಕ್ಕು. ಕಥೆ, ಹಾಡು, ಚಿತ್ರ ಇಂಥದ್ದು ಮಾಡಿದವನ ಹಕ್ಕು.

ಮಾಸ್ತಪ್ಪ: ಹಾಡು ಅಂದ್ರಲ್ಲ, ಮುಗೀತು. ನನ್ ರೈಟು ಹಾಡಲ್ದೆ ಮತ್ತೆಂತ?

ನಾರಾಯಣಮೂರ್ತಿ: ಒಂದು ಶಬ್ದ ಹಾಡಾಗಲ್ಲ. ರೈಟ್ ಅನ್ನೋದು ಊರಿಗೆಲ್ಲ ಸೇರಿದ ಮಾತು.

ಮಾಸ್ತಪ್ಪ: ಮಾತು ಊರಿಂದೇ. ಎಳೆಯೋದು ನಂದು.

ಕಿಟಕಿಯಿಂದ ಒಂದು ತಲೆ ಹೊರಗೆ ಬಂತು. ಅರಳಸುರಳಿಯ ಮಗಳ ಮನೆಗೆ ಹೋಗಿ ಬಟ್ಟೆಮಲ್ಲಪ್ಪಕ್ಕೆ ವಾಪಸು ಹೊರಟಿದ್ದ ಜಲಜಮ್ಮನದು.

ಜಲಜಮ್ಮ: ಅದು ಹೌದು ಮೇಷ್ಟ್ರೆ. ಅವ್ನು ‘ರೈ’ ಅಂತ ಶುರು ಮಾಡಿದಾಗ ನಾನು ಎಲೆಗೆ ಸುಣ್ಣ ಹಚ್ತೀನಿ. ಮಡಿಚಿ ಬಾಯಿಗೆ ಹಾಕೋ ಹೊತ್ತಿಗೆ ‘ಟ್’ ಬರ್ತದೆ. ಅಷ್ಟುದ್ದ.

ಮಾಸ್ತಪ್ಪ: ಒಂಬತ್ತು ವರ್ಷ ಸಾಧನೆ ಮಾಡಿದೀನಿ ಜಲಜಕ್ಕ. ಓದೋಕೆ ಬಾರದವ್ರು ನನ್ ರೈಟ್ ಕೇಳಿ ಬಸ್ಸು ಹತ್ತೋರು. ಈಗ ಆ ಹೂವಯ್ಯ ‘ಹಂಸವಾಹನ’ ಬಸ್ಸಲ್ಲಿ ಅದನ್ನೇ ಹಾಗ್ ಹಾಗೇ ಎಳೀತಾನೆ. ಜನ ಓಡಿ ಹೋಗಿ ಅವನ ಬಸ್ಸು ಹತ್ತುತಾರೆ. ಮಾಲೀಕ್ರು ಸೀತಾರಾಮಪ್ಪನವರು ನಂಗೆ, ‘ಮಾಸ್ತಪ್ಪ, ಹೀಗೇ ಆದ್ರೆ ನಿನ್ನ ಶೆಡ್ಡಿಗೆ ಹಾಕ್ತೀನಿ, ಟೈರ್ ಎಣಿಸ್ತಾ ಕೂತ್ಕೋ’ ಅಂದ್ರು. ಗಂಟ್ಲಲ್ಲಿ ಅನ್ನ ಇಳೀಲಿಲ್ಲ ನಂಗೆ.

ನಾರಾಯಣಮೂರ್ತಿಗೆ ಅಯ್ಯೋ ಅನ್ನಿಸಿತು. ಆದರೆ ಗಡಿಯಾರ ನೋಡಿಕೊಂಡಾಗ ಆ ಅಯ್ಯೋ ತನ್ನ ಕಡೆಗೇ ತಿರುಗಿತು.

ನಾರಾಯಣಮೂರ್ತಿ: ನೋಡಿ ಮಾಸ್ತಪ್ಪನೋರೆ, ಕಾಪಿರೈಟು ಬೇಕು ಅಂದ್ರೆ ಬರೆದಿಟ್ಟಿರ್ಬೇಕು. ಬಾಯಲ್ಲಿ ಹೇಳಿ ಗಾಳಿಗೆ ಬಿಟ್ಟಿದ್ದಕ್ಕೆ ಹಕ್ಕು ಇರಲ್ಲ.

ಮಾಸ್ತಪ್ಪ: ಬರೆದ್ರೆ ಆಯ್ತಾ?

ಕಿವಿಯ ಸಂದಿಯಿಂದ ಪೆನ್ಸಿಲ್ ಎಳೆದು ಟಿಕೆಟ್ ಪುಸ್ತಕದ ಹಿಂಬದಿಯಲ್ಲಿ ಅವನು ಬರೆಯತೊಡಗಿದ. ‘ರೈ’ ಬರೆದ. ಅದರ ಮುಂದೆ ‘ಐ’ ಬರೆದ. ಮತ್ತೆ ‘ಐ’. ಒಂದು ಟಿಕೆಟ್ ತುಂಬಿತು. ಎರಡನೆಯದು ತುಂಬಿತು. ಹನ್ನೊಂದನೆಯದರ ತನಕ ‘ಐ’ ಹರಿದು ಹೋಯಿತು.

ಭೂತಪ್ಪ: ಎಲ್ಲಿಗೆ ಬಂತು ಮಾಸ್ತಪ್ಪ?

ಮಾಸ್ತಪ್ಪ: ಇನ್ನೂ ತಿರುವಲ್ಲಿದೀನಿ. ‘ಟ್’ ಸಾಗರದ ಟಿಕೆಟ್ ಮೇಲೆ ಬರ್ತದೆ.

ನಾರಾಯಣಮೂರ್ತಿ: ಸಾಕು, ಸಾಕು! ಬರೆದ್ರೂ ಪ್ರಯೋಜನ ಇಲ್ಲ. ನೀವು ಸಂಬಳಕ್ಕಿರೋರು. ಕೆಲಸದಲ್ಲಿದ್ದಾಗ ಕೆಲಸಕ್ಕೋಸ್ಕರ ಮಾಡಿದ್ದರ ಹಕ್ಕು ಮಾಲೀಕರಿಗೆ ಹೋಗ್ತದೆ.

ಮಾಸ್ತಪ್ಪನ ಪೆನ್ಸಿಲ್ ನಿಂತಿತು. ಈ ಮಾತಿನಿಂದ ಜಗಳ ಮುಗಿಯಿತು ಎಂದು ಮೇಷ್ಟ್ರು ಒಂದು ಕ್ಷಣ ಹಿಗ್ಗಿದ.

ಮಾಸ್ತಪ್ಪ: ಹಾಗಾದ್ರೆ ಒಂಬತ್ತು ವರ್ಷ ನಾನು ಕೂಗಿದ್ದು ಸೀತಾರಾಮಪ್ಪನವರ ರೈಟಾ?

ನಾರಾಯಣಮೂರ್ತಿ: ಕಾನೂನಿನ ಪ್ರಕಾರ ಹೌದು.

ಮಾಸ್ತಪ್ಪ: ಅವರನ್ನ ಕೇಳದೆ ಅವರ ವಸ್ತು ನಾನು ಮುಟ್ಟಲ್ಲಪ್ಪ. ಅವ್ರೇ ತೀರ್ಥಹಳ್ಳಿಯಿಂದ ಬಂದು ಹೇಳ್ಲಿ.

ಬಸ್ಸಿನೊಳಗಿಂದ “ಅಯ್ಯಯ್ಯೋ ಮೇಷ್ಟ್ರೇ” ಎಂಬ ಒಕ್ಕೊರಲಿನ ನರಳಾಟ ಕೇಳಿಸಿತು. ನಾರಾಯಣಮೂರ್ತಿಯ ಬಾಯಿಂದ ಹವ್ಯಕರ ಮನೆಮಾತು ತಾನಾಗಿ ಜಾರಿತು.

ನಾರಾಯಣಮೂರ್ತಿ: ಎಂತ ಮಾಡವು ಈಗ! (ಸಾವರಿಸಿಕೊಂಡು) ಮಾಸ್ತಪ್ಪಣ್ಣ, ಅದನ್ನ ಮರೆತುಬಿಡಿ. ನಿಮ್ಮ ಕೇಸು ಕಾಪಿರೈಟಿಂದೇ ಅಲ್ಲ. ಟ್ರೇಡ್‌ಮಾರ್ಕಿಂದು.

ಮಾಸ್ತಪ್ಪ: ಮಾರ್ಕಾ? ಎಷ್ಟಕ್ಕೆ ಎಷ್ಟು?

ನಾರಾಯಣಮೂರ್ತಿ: ಪರೀಕ್ಷೆ ಮಾರ್ಕಲ್ಲ, ಗುರುತು. ಬೆಂಕಿಪೊಟ್ಟಣದ ಮೇಲೆ, ಬೀಡಿಕಟ್ಟಿನ ಮೇಲೆ ಚಿತ್ರ ಇರಲ್ವಾ? ಅದನ್ನ ನೋಡಿದ ತಕ್ಷಣ ಇದು ಇಂಥವರ ಮಾಲು ಅಂತ ಜನಕ್ಕೆ ತಿಳೀಬೇಕು.

ಜಲಜಮ್ಮ: ನಮ್ಮನೆಯವ್ರು ಗಿಣಿ ಬೀಡಿ ಸೇದೋರು. ಓದು ಬರಹ ಇಲ್ಲ, ಗಿಣಿ ನೋಡಿ ತರೋರು. ಒಂದ್ಸಲ ತಂದ ಕಟ್ಟಲ್ಲಿ ಗಿಣಿ ಆಚೆ ಕಡೆ ತಿರುಗಿ ಕೂತಿತ್ತು. ಗಿಣಿಯೇ ಅಲ್ವಾ ಅಂತ ಸೇದಿದ್ರು. ಎಂಟು ದಿನ ಕೆಮ್ಮಿದ್ರು, ಹಟ್ಟಿಯಲ್ಲಿ ಎಮ್ಮೆ ಬೆದರಿ ಹಾಲು ಕೊಡ್ಲಿಲ್ಲ.

ನಾರಾಯಣಮೂರ್ತಿ (ಎಲ್ಲ ಮರೆತು, ಚಪ್ಪಾಳೆ ತಟ್ಟಿ): ಶಭಾಷ್! ಅದೇ, ಅದೇ! ಪೂರ್ತಿ ಒಂದೇ ಥರ ಇರ್ಬೇಕಾಗಿಲ್ಲ. ಸಾಮಾನ್ಯ ಮನುಷ್ಯ ಮೋಸ ಹೋಗುವಷ್ಟು ಹೋಲಿಕೆ ಇದ್ರೆ ಸಾಕು, ತಪ್ಪೇ!

ಮಾಸ್ತಪ್ಪ: ಹಾಗಾದ್ರೆ ನಾನು ಗಿಣಿ. ಹೂವಯ್ಯ ತಿರುಗಿ ಕೂತ ಗಿಣಿ. ಬರ್ಕೊಡಿ ಅರ್ಜಿ!

ನಾರಾಯಣಮೂರ್ತಿ: ಬರ್ಕೊಡ್ತಿದ್ದೆ, ಆದ್ರೆ... ಆ ಕಾಯಿದೆ ಇರೋದು ಸರಕಿಗೆ. ಪ್ರಯಾಣಿಕರು ಸರಕಲ್ಲ.

ಜಲಜಮ್ಮ: ತೀರ್ಥಹಳ್ಳಿಯಿಂದ ನಮ್ಮನ್ನ ತುಂಬ್ಕೊಂಡು ಬಂದ ರೀತಿ ನೋಡಿದ್ರೆ ಸರಕಲ್ಲ ಅಂತ ಯಾರೂ ಹೇಳಲ್ಲ. ನನ್ ಕಾಲ ಮೇಲೆ ಯಾರದ್ದೋ ಹಲಸಿನ ಹಣ್ಣು ಇದೆ.

ಭೂತಪ್ಪ: ಪೇಟೆಂಟು ಅಂತ ಒಂದು ಇದೆಯಲ್ಲ? ಕಾರ್ಗಲ್ಲಲ್ಲಿ ಇಂಜಿನಿಯರೊಬ್ರು ಹೇಳ್ತಿದ್ರು. ಅದನ್ನ ಮಾಡ್ಸಿಬಿಡು ಮಾಸ್ತಪ್ಪ.

ನಾರಾಯಣಮೂರ್ತಿ: ಪೇಟೆಂಟು ಹೊಸ ಯಂತ್ರಕ್ಕೆ, ಹೊಸ ವಿಧಾನಕ್ಕೆ. ಅದನ್ನ ಹೇಗೆ ಮಾಡೋದು ಅಂತ ಒಂದೂ ಬಿಡದೆ ಸರ್ಕಾರಕ್ಕೆ ಬರ್ಕೊಡ್ಬೇಕು. ಹದಿನಾರು ವರ್ಷ ನಿಮ್ಮದು. ಆಮೇಲೆ ಯಾರು ಬೇಕಾದ್ರೂ ಮಾಡ್ಬಹುದು.

ಮಾಸ್ತಪ್ಪ: ಯಾರು ಬೇಕಾದ್ರೂ ಅಂದ್ರೆ ಹೂವಯ್ಯನೂ?

ನಾರಾಯಣಮೂರ್ತಿ: ಹೂವಯ್ಯನೂ.

ಮಾಸ್ತಪ್ಪ: ಅವ್ನಿಗೆ ಈಗ ಮೂವತ್ತು! ನನ್ ಗಂಟಲಿನ ಗುಟ್ಟೆಲ್ಲ ನಾನೇ ಬರೆದು ಕೊಟ್ಟು, ನಾನು ಮುದುಕನಾಗಿ ಕೆಮ್ತಾ ಕೂತಾಗ ಅವನಿಗೆ ಸರ್ಕಾರದಿಂದ ರೈಟು! ಒಳ್ಳೇ ಕಾನೂನು ಮಾಡಿದೀರಿ ಮೇಷ್ಟ್ರೆ.

ಕಾನೂನು ಮಾಡಿದ್ದು ತಾನಲ್ಲ ಎಂದು ಹೇಳುವಷ್ಟು ವ್ಯವಧಾನ ನಾರಾಯಣಮೂರ್ತಿಗೆ ಉಳಿದಿರಲಿಲ್ಲ. ಗಡಿಯಾರದಲ್ಲಿ ಒಂಬತ್ತೂವರೆ ದಾಟಿತ್ತು. ಪುಸ್ತಕದ ಕೊನೆಯ ಅಧ್ಯಾಯ ನೆನಪಿಗೆ ಬಂತು.

ನಾರಾಯಣಮೂರ್ತಿ: ಹಾಗಾದ್ರೆ ಗುಟ್ಟಾಗೇ ಇಟ್ಕೊಳ್ಳಿ! ಅದಕ್ಕೆ ಅರ್ಜಿ ಬೇಡ, ವರ್ಷದ ಲೆಕ್ಕ ಬೇಡ. ಯಾರಿಗೂ ತಿಳಿಯದ ಹಾಗೆ ಕಾಪಾಡ್ಕೊಂಡ್ರೆ ಎಷ್ಟು ಕಾಲ ಬೇಕಾದ್ರೂ ನಿಮ್ಮದೇ.

ಈ ಮಾತು ಮಾಸ್ತಪ್ಪನಿಗೆ ಹಿಡಿಸಿತು. ಅವನು ಆಚೀಚೆ ನೋಡಿ, ಬೆಕ್ಕಿನ ಹಾಗೆ ನಡೆದು ಹೋಗಿ, ಡ್ರೈವರ್ ಭೂತಪ್ಪನ ಕಿವಿಯ ಹತ್ತಿರ ಬಾಯಿಟ್ಟು ಉಸುರಿದ.

ಭೂತಪ್ಪ: ಎಂತ? ಇಂಜಿನ್ ಸದ್ದಲ್ಲಿ ಕೇಳಲ್ಲ.

ಮಾಸ್ತಪ್ಪ: ಗುಟ್ಟಾಗಿ ಹೇಳಿದ್ನಲ್ಲೋ!

ಭೂತಪ್ಪ: ಗುಟ್ಟಾಗೇ ಉಳೀತು.

ನಾರಾಯಣಮೂರ್ತಿ: ಕೊನೇದಾಗಿ ಒಂದು ಕೇಳ್ತೀನಿ. ಹಕ್ಕು ನಿಮ್ಮದೇ ಅಂತ ಇಟ್ಕೊಳ್ಳೋಣ. ನಿಮ್ಮದನ್ನ ನಾನು ಉಪಯೋಗಿಸೋಕೆ ಒಪ್ಪಿಗೆ ಕೊಡಿ. ಅದಕ್ಕೆ ಲೈಸೆನ್ಸು ಅಂತಾರೆ.

ಭೂತಪ್ಪ: ನನ್ ಲೈಸೆನ್ಸು ನಾನು ಯಾರಿಗೂ ಕೊಡಲ್ಲ.

ನಾರಾಯಣಮೂರ್ತಿ: ನಿಮ್ಮದಲ್ಲ! ಮಾಸ್ತಪ್ಪನವರ ರೈಟಿನ ಲೈಸೆನ್ಸು.

ಮಾಸ್ತಪ್ಪ (ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿ): ಆಯ್ತು. ಒಂದೇ ಸಲ. ಸಾಗರದವರೆಗೆ ಮಾತ್ರ. ಹೂವಯ್ಯನಿಗೆ ದಾಟಿಸೋ ಹಾಗಿಲ್ಲ.

ನಾರಾಯಣಮೂರ್ತಿ ಪಂಚೆ ಸರಿಮಾಡಿಕೊಂಡ. ಎದೆ ಉಬ್ಬಿಸಿದ. ನಾಲ್ಕು ತಿಂಗಳಿಂದ ನಲವತ್ತು ಹುಡುಗರ ಗಲಾಟೆಯನ್ನು ಅಡಗಿಸಲಾರದ ಆ ಗಂಟಲಿನಿಂದ ಒಂದು ಸಣ್ಣ “ರೈಟ್” ಹೊರಬಿತ್ತು.

ಭೂತಪ್ಪ: ಇದು ಉತ್ತರಪತ್ರಿಕೆಗೆ ಹಾಕೋ ರೈಟು. ಇದಕ್ಕೆ ಗಾಡಿ ಹೋಗಲ್ಲ.

ಅಷ್ಟರಲ್ಲಿ ಹಿಂದಿನಿಂದ ಪೋಂ ಪೋಂ ಎಂದು ಹಾರನ್ ಕೇಳಿಸಿತು. ‘ಹಂಸವಾಹನ’ ಬಸ್ಸು ಬಂದು ನಿಂತಿತ್ತು. ಅದೇ ಹಳದಿ ಬಣ್ಣ. ಎರಡೂ ಬಸ್ಸಿನ ಮೇಲೆ ಹಂಸ ಬರೆದ ಪೇಂಟರು ಒಬ್ಬನೇ ಆದ್ದರಿಂದ ಎರಡರ ಮೇಲೂ ಒಂದೇ ಬಾತುಕೋಳಿ ಕೂತಿತ್ತು. ಮುಂದಿನ ಬಸ್ಸು ಸರಿಯದೆ ಹಿಂದಿನದಕ್ಕೆ ದಾರಿಯಿಲ್ಲ. ಕಂಡಕ್ಟರ್ ಹೂವಯ್ಯ ಕ್ರಾಪು ತೀಡುತ್ತ ಇಳಿದು ಬಂದ.

ಹೂವಯ್ಯ: ಎಂತ ಮಾಸ್ತಪ್ಪಣ್ಣ, ಗಾಡಿ ಕೆಟ್ಟಿತಾ, ಗಂಟಲು ಕೆಟ್ಟಿತಾ?

ಮಾಸ್ತಪ್ಪ: ಕಳ್ಳ! ನನ್ ರೈಟ್ ಕದ್ದವ್ನೇ!

ಹೂವಯ್ಯ: ಕದಿಯೋಕೆ ಅದೇನು ಬಾಳೆಗೊನೆಯಾ? ನಂದು ಹುಟ್ಟು ಗಂಟಲು. ನಮ್ಮಜ್ಜ ದನ ಕರೀತಿದ್ದಿದ್ದೇ ಹೀಗೆ.

ಮಾಸ್ತಪ್ಪ: ದನ ರೈಟ್ ಅಂದ್ರೆ ಬರ್ತಿದ್ವಾ?

ಹೂವಯ್ಯ: ಬರ್ತಿರ್ಲಿಲ್ಲ, ಹೋಗ್ತಿದ್ವು.

ನಾರಾಯಣಮೂರ್ತಿಗೆ ಥಟ್ಟನೆ ಒಂದು ಉಪಾಯ ಹೊಳೆಯಿತು. ಅಷ್ಟು ಹೊತ್ತಿನಿಂದ ಅವನಿಗೆ ಹೊಳೆದ ಉಪಾಯಗಳ ಗತಿ ನೋಡಿದವರು ಯಾರಾದರೂ ಅವನನ್ನು ತಡೆಯಬೇಕಾಗಿತ್ತು.

ನಾರಾಯಣಮೂರ್ತಿ: ಜಗಳ ಬೇಡ. ಅಸಲು, ನಕಲು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ಬೇಕು, ಕೋರ್ಟಲ್ಲೂ ಹಾಗೇ ಮಾಡೋದು. ಹೂವಯ್ಯ, ನೀವು ಹೇಳಿ. ಆಮೇಲೆ ಮಾಸ್ತಪ್ಪನವರು. ಯಾರದ್ದು ಯಾರದ್ದಕ್ಕೆ ಎಷ್ಟು ಹೋಲ್ತದೆ ಅಂತ ಈ ಬಸ್ಸಿನವರೇ ಹೇಳ್ಲಿ.

ಹೂವಯ್ಯ: ಹೇಳೋಕೆ ನಂಗೇನು ಭಯ?

ಅವನು ಸೊಂಟದ ಮೇಲೆ ಕೈಯಿಟ್ಟು, ಕತ್ತು ಚಾಚಿ, ಎದುರಾಳಿಯ ಮುಂದೆ ಮಾನ ಉಳಿಸಿಕೊಳ್ಳಬೇಕೆಂಬ ಹುರುಪಿನಲ್ಲಿ ಶುರು ಮಾಡಿದ.

ಹೂವಯ್ಯ: ರೈ... ಐ... ಐ... ಐಐಐ...

ಒಳಗೆ ಜಲಜಮ್ಮ ಅಭ್ಯಾಸಬಲದಿಂದ ಎಲೆಗೆ ಸುಣ್ಣ ಹಚ್ಚಿದಳು, ಮಡಿಚಿದಳು, ಬಾಯಿಗೆ ಹಾಕಿಕೊಂಡಳು.

ಹೂವಯ್ಯ: ...ಟ್!

ಭೂತಪ್ಪನ ಕಾಲು ತಾನೇ ಒತ್ತಿತು. ಬಸ್ಸು ಒಂದು ಸಲ ಜಿಗಿದು, ಹೊಗೆ ಉಗುಳಿ, ಪ್ರಯಾಣಿಕರನ್ನೂ ಹಲಸಿನ ಹಣ್ಣನ್ನೂ ನಾರಾಯಣಮೂರ್ತಿಯ ಪುಸ್ತಕವನ್ನೂ ಹೊತ್ತುಕೊಂಡು ಸಾಗರದ ದಾರಿ ಹಿಡಿಯಿತು. ಕಂಡಕ್ಟರೂ ಮೇಷ್ಟ್ರೂ ನಿಂತಲ್ಲೇ ನಿಂತಿದ್ದರು.

ಮಾಸ್ತಪ್ಪ: ಭೂತಪ್ಪಾ! ಏ ಭೂತಪ್ಪಾ! (ದನಿ ಇಳಿದು) ಒಂಬತ್ತು ವರ್ಷ ಒಟ್ಟಿಗೆ ಉಂಡಿದೀವಿ ಮೇಷ್ಟ್ರೆ. ಅವ್ನಿಗೂ ಗುರುತು ಸಿಗ್ಲಿಲ್ಲ.

ಅವನ ಕಣ್ಣಲ್ಲಿ ನೀರಾಡಿತು. ನಾರಾಯಣಮೂರ್ತಿಗೆ ನಿಜವಾಗಿಯೂ ಸಂಕಟವಾಯಿತು. ತನ್ನ ಉಪಾಯದ ಬಗ್ಗೆ ನಾಚಿಕೆಯೂ ಆಯಿತು. ಇಬ್ಬರೂ ಹಂಸವಾಹನ ಹತ್ತಿದರು. ಹೂವಯ್ಯ ಗೆದ್ದ ಗತ್ತಿನಲ್ಲಿ ಬಾಗಿಲಲ್ಲಿ ನಿಂತು ತನ್ನ ಡ್ರೈವರ್ ಬೆಳ್ಳಪ್ಪನಿಗೆ ರೈಟ್ ಹೇಳಹೊರಟ.

ಹೂವಯ್ಯ: ಕ್ರ್... ಕ್ರ್ಹ್...

ಬೆಳ್ಳಪ್ಪ: ಎಂತ ಅದು?

ಹೂವಯ್ಯ (ಗಂಟಲು ಹಿಡಿದು, ಪಿಸುದನಿಯಲ್ಲಿ): ಎಲ್ಲ ಅಲ್ಲೇ ಖರ್ಚಾಯ್ತು.

ನಾರಾಯಣಮೂರ್ತಿ: ರಾಮ ರಾಮಾ! ಮಾಸ್ತಪ್ಪಣ್ಣ, ನಿಮ್ಮ ಕಾಲಿಗೆ ಬೀಳ್ತೀನಿ, ಒಂದ್ಸಲ ಹೇಳಿಬಿಡಿ.

ಮಾಸ್ತಪ್ಪ: ಕಳ್ಳನ ಬಸ್ಸಿಗೆ ಅಸಲು ರೈಟಾ? ಸತ್ರೂ ಹೇಳಲ್ಲ. (ಒಮ್ಮೆಲೆ ಎದ್ದು ನಿಂತು) ಅಯ್ಯೋ ಮೇಷ್ಟ್ರೆ! ಆ ಬಸ್ಸಲ್ಲಿ ಹೋಲ್ಡಾನ್ ಹೇಳೋರು ಯಾರೂ ಇಲ್ಲ! ಹೋಲ್ಡಾನ್ ಬೀಳದೆ ಭೂತಪ್ಪ ನಿಲ್ಸಲ್ಲ! ಜಲಜಕ್ಕ ಬಟ್ಟೆಮಲ್ಲಪ್ಪದಲ್ಲಿ ಹೇಗೆ ಇಳೀತಾಳೆ?

ಮುಂದೆ ಅವನು ಯಾರಿಗೂ ಕಾಯಲಿಲ್ಲ. ಬಾಗಿಲಿನ ತಗಡಿಗೆ ಎರಡು ಬಾರಿ ಬಡಿದು, ಒಂಬತ್ತು ವರ್ಷದ ಸಾಧನೆಯನ್ನೆಲ್ಲ ಹಾಕಿ, ಇಡೀ ಹೊಸನಗರ ತಿರುಗಿ ನೋಡುವ ಹಾಗೆ ಎಳೆದ. ಹಂಸವಾಹನ ಹಾರಿತು. ಹೂವಯ್ಯ ಸೀಟಿಗೆ ಒರಗಿ ಕಣ್ಣು ಮುಚ್ಚಿ ಕೇಳಿಸಿಕೊಂಡ.

ಹೂವಯ್ಯ (ಪಿಸುದನಿಯಲ್ಲಿ): ಆ ನಡುವಿನ ತಿರುವು ನಂಗೆ ಇನ್ನೂ ಬರಲ್ಲ ಮಾಸ್ತಪ್ಪಣ್ಣ.

ಮಾಸ್ತಪ್ಪನಿಗೆ ಕೋರ್ಟಿನಲ್ಲಿ ಗೆದ್ದಷ್ಟು ಸಮಾಧಾನವಾಯಿತು.

ಹನ್ನೊಂದೂ ಇಪ್ಪತ್ತಕ್ಕೆ ನಾರಾಯಣಮೂರ್ತಿ ಏದುಸಿರು ಬಿಡುತ್ತ ಕಾಲೇಜಿನ ವರಾಂಡದಲ್ಲಿ ಓಡುತ್ತಿದ್ದ. ಪುಸ್ತಕವಿಲ್ಲ, ಕೆಲಸವೂ ಇಲ್ಲ ಎಂದು ಮನಸ್ಸು ಆಗಲೇ ಊರಿಗೆ ವಾಪಸು ಹೊರಟಿತ್ತು. ಕ್ಲಾಸಿನ ಬಾಗಿಲ ಹತ್ತಿರ ಬರುವಾಗ ಒಳಗಿನಿಂದ ನಗು ಕೇಳಿಸಿತು. ಇಣುಕಿದ. ಹುಡುಗರು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ಪ್ರಿನ್ಸಿಪಾಲರು ಹಿಂದಿನ ಬೆಂಚಿನಲ್ಲಿದ್ದರು. ಮೇಷ್ಟ್ರ ಕುರ್ಚಿಯಲ್ಲಿ, ಮಡಿಲಲ್ಲಿ ಅವನ ಪುಸ್ತಕವನ್ನಿಟ್ಟುಕೊಂಡು, ಜಲಜಮ್ಮ ಕೂತಿದ್ದಳು.

ಜಲಜಮ್ಮ: ...ಹಾಗಾಗಿ ಮಕ್ಕಳೇ, ಗಿಣಿ ಆಚೆ ತಿರುಗಿ ಕೂತ್ರೂ ತಪ್ಪು ತಪ್ಪೇ. ಇನ್ನು ಗುಟ್ಟು. ಗುಟ್ಟನ್ನ ಹೇಳ್ಬಾರ್ದು. ಹೇಳದೆ ಇದ್ರೆ ಬಸ್ಸು ಹೋಗಲ್ಲ. ಅದೇ ಅದ್ರ ಕಷ್ಟ.

ಪ್ರಿನ್ಸಿಪಾಲರು: ಬನ್ನಿ ನಾರಾಯಣಮೂರ್ತಿ. ಬಸ್ಸು ಎಲ್ಲೂ ನಿಲ್ಲದೆ ಇವ್ರನ್ನ ಸಾಗರಕ್ಕೇ ತಂದುಬಿಡ್ತಂತೆ, ನಿಮ್ಮ ಪುಸ್ತಕ ಕೊಡೋಕೆ ಬಂದ್ರು. ನೀವು ಯಾಕೆ ತಡ ಅಂತ ಕೇಳ್ದೆ. ಅದನ್ನ ಹೇಳೋಕೆ ಶುರು ಮಾಡಿದವ್ರು ನಾಲ್ಕು ಅಧ್ಯಾಯ ಮುಗಿಸಿದಾರೆ. ಈ ಹುಡುಗರು ನೋಟ್ಸ್ ಬರೆಯೋದನ್ನ ನಾನು ನೋಡ್ತಿರೋದು ಇದೇ ಮೊದಲು. ಈಗ ಒಂದು ಮಾತು ಹೇಳಿ. ಈ ಪಾಠ ನಿಮ್ಮದೋ, ಇವರದೋ?

ತನ್ನದು ಎಂದರೆ ಕೆಲಸ ಸಿಗುತ್ತದೆ. ಆದರೆ ಇನ್ನೊಬ್ಬರದನ್ನು ತನ್ನದೆನ್ನಬಾರದು ಎಂಬ ಪಾಠದ ದಿನವೇ ಹಾಗೆ ಹೇಳಲು ನಾರಾಯಣಮೂರ್ತಿಗೆ ಬಾಯಿ ಬರಲಿಲ್ಲ.

ನಾರಾಯಣಮೂರ್ತಿ: ಸರ್... ಕಾನೂನು ಪುಸ್ತಕದ್ದು. ಪಾಠ ಇವರದ್ದು.

ಜಲಜಮ್ಮ: ಎಂತ ಮಾತಾಡ್ತೀರಿ ಮೇಷ್ಟ್ರೆ! ಹೊಸನಗರದ ಬಿಸಿಲಲ್ಲಿ ನಿಂತು ಗಂಟಲು ಹರ್ಕೊಂಡಿದ್ದು ಯಾರು? ಎಲ್ಲ ಇವರದ್ದೇ ಸ್ವಾಮಿ. ನಂದು ಬರೀ ಕಾಪಿ.

ಪ್ರಿನ್ಸಿಪಾಲರು: ಪಾಠ ಯಾರದ್ದಾದ್ರೂ ಇರ್ಲಿ ನಾರಾಯಣಮೂರ್ತಿ, ಕೆಲಸ ನಿಮ್ಮದು. ನಾಳೆ ಆರ್ಡರು ತಗೊಳ್ಳಿ. (ಬಾಗಿಲ ಕಡೆ ತಿರುಗಿ ಅಟೆಂಡರನ್ನು ಕೂಗಿ) ಮಂಜುನಾಥಪ್ಪ! ಅಮ್ಮ ತಿಂಡಿ ಗಿಂಡಿ ಬೇಡ, ಬರೀ ಕಾಪಿ ಅಂತಿದಾರೆ. ಹೋಗಿ ಮೂರು ಕಾಪಿ ಮಾಡ್ಸ್ಕೊಂಡು ಬಾ.

ಜಲಜಮ್ಮ: ಅಯ್ಯ, ಮೂರು ಬೇಡ ಸ್ವಾಮಿ, ಒಂದೇ ಸಾಕು. ಜಾಸ್ತಿ ಕಾಪಿ ಮಾಡಿದ್ರೆ ಕೇಸ್ ಹಾಕ್ತಾರಂತೆ.